ಹೆಡ್‌ಮೇಷ್ಟ್ರಿಗೆ ಪಾಠ ಹೇಳಿಕೊಡೋರು ಯಾರು?

ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಅಂದ್ರೆ ಇಲ್ಲಿರೋ ನಮ್ಮ ದೇಶದವರಿಗೆ ಹೆಚ್ಚೂಕಡಿಮೆ ತವರುಮನೆ. ಕರಿಬೇವು, ತೊಗರಿಬೇಳೆ, ಊದಿನಕಡ್ಡಿ ಬೇಕಾದ್ರೆ ಹೈರಿಡ್ಜ್‌ನ ಡೈಮಂಡ್ ಪ್ಲಾಜಾ ಕಡೆ ಹೋದರೆ ಸಾಕು. ಅದೇ ಹೈರಿಡ್ಜ್‌ನಲ್ಲಿ, ಹಳೆಯ ಶಿಕ್ಷಕರ ಕಾಲೇಜಿನ ಆವರಣದಲ್ಲಿ, ನಮ್ಮವರ್ಯಾರೂ ತಲೆಯೆತ್ತಿ ನೋಡದ ಒಂದು ಸಂಸ್ಥೆ ಇದೆ: ಕೀನ್ಯಾ ಎಜುಕೇಷನ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಎಲ್ಲರ ಬಾಯಲ್ಲೂ 'ಕೆಮಿ'. ಅದರ ಕೆಲಸ ಏನಪ್ಪಾ ಅಂದ್ರೆ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರು, ಪ್ರಿನ್ಸಿಪಾಲರಿಗೆ ಶಾಲೆ ನಡೆಸೋದು ಹೇಗೆ ಅಂತ ಹೇಳಿಕೊಡೋದು.

ಹೆಡ್‌ಮೇಷ್ಟ್ರಿಗೂ ಶಾಲೆಯೇ ಅಂತ ಮೊದಲು ನಗು ಬಂತು. ಆಮೇಲೆ ನಮ್ಮ ಚಿಕ್ಕಮ್ಮ ನೆನಪಾದರು. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ, ಸೀನಿಯಾರಿಟಿ ಲೆಕ್ಕದಲ್ಲಿ ಅವರಿಗೆ ಹೆಡ್‌ಮಿಸ್ ಪಟ್ಟ ಬಂತು. ಪಟ್ಟ ಅಂದ್ರೆ ಒಂದು ಬೀರುವಿನ ಕೀಲಿಕೈ, ಒಂದು ಕ್ಯಾಶ್‌ಬುಕ್ಕು. ಅಷ್ಟೇ! ಮಕ್ಕಳಿಗೆ ಭಾಗಾಕಾರ ಚೆನ್ನಾಗಿ ಹೇಳಿಕೊಡ್ತಿದ್ದೋರು ಮಾರನೇ ದಿನದಿಂದ ಅಕ್ಕಿ ಮೂಟೆ, ಕಟ್ಟಡದ ಬಿಲ್ಲು, ಊರಿನ ರಾಜಕೀಯ ಎಲ್ಲಾ ನೋಡಿಕೊಳ್ಳಬೇಕು. ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಬ್ಬನನ್ನ ಟೀಮ್ ಲೀಡ್ ಮಾಡೋಕೆ ಮುಂಚೆ ಮೂರು ದಿನ ಹೋಟೆಲಿನಲ್ಲಿ ಕೂರಿಸಿ, ಬಿಸ್ಕತ್ತು ತಿನ್ನಿಸಿ, ಟ್ರೈನಿಂಗ್ ಕೊಡ್ತಾರೆ. ಅವನ ಕೈಕೆಳಗೆ ಇರೋದು ಆರು ಜನ. ಮುನ್ನೂರು ಮಕ್ಕಳ ಶಾಲೆಗೆ ಬೀರುವಿನ ಕೀಲಿಕೈ ಮಾತ್ರ.

ಹಾಗಾಗಿ ಈ 'ಕೆಮಿ' ಹೇಗೆ ಹುಟ್ಟಿತು, ಇದಕ್ಕೆಲ್ಲ ದುಡ್ಡು ಯಾರು ಕೊಟ್ರು ಅಂತ ಕೆದಕೋಕೆ ಶುರು ಮಾಡಿದೆ. ಕೆದಕುತ್ತಾ ಹೋದರೆ ದಾರಿ ಪಾರ್ಕ್‌ಲ್ಯಾಂಡ್ಸಿಂದ ಹೊರಟು, ನಗರದ ವಾಯವ್ಯಕ್ಕಿರುವ ಕಬೆಟೆ ಗುಡ್ಡ ಹತ್ತಿ, ಅಲ್ಲಿಂದ ನೇರ ಅಮೆರಿಕದ ವರ್ಜೀನಿಯಾಕ್ಕೆ ಹೋಯ್ತು.

ಆ ಕಥೆ ಹೀಗಿದೆ. ಫಿಲಡೆಲ್ಫಿಯಾದಲ್ಲಿ ಆನಾ ಜೀನ್ಸ್ ಅನ್ನೋ ಒಬ್ಬ ಶ್ರೀಮಂತ ಕ್ವೇಕರ್ ಮಹಿಳೆ ಇದ್ದರು. ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿದ್ದ ಕರಿಯ ಮಕ್ಕಳ ಶಾಲೆಗಳಿಗಾಗಿ 1907ರಲ್ಲಿ ಅವರು ಹತ್ತು ಲಕ್ಷ ಡಾಲರ್ ಕೊಟ್ಟರು. ಮಾರನೇ ವರ್ಷ ವರ್ಜೀನಿಯಾದ ಹೆನ್ರೈಕೋ ಕೌಂಟಿಯಲ್ಲಿ ವರ್ಜೀನಿಯಾ ರಾಂಡಾಲ್ಫ್ ಎಂಬ ಶಿಕ್ಷಕಿ ಆ ನಿಧಿಯ ಮೊದಲ 'ಜೀನ್ಸ್ ಟೀಚರ್' ಆದರು. ಅವರು ಒಂದೇ ಶಾಲೆಯಲ್ಲಿ ಕೂತು ಪಾಠ ಮಾಡುವ ಮೇಷ್ಟ್ರಲ್ಲ. ಕೌಂಟಿಯ ಶಾಲೆಗಳನ್ನೆಲ್ಲ ಸುತ್ತಿ, ಒಬ್ಬೊಬ್ಬ ಮೇಷ್ಟ್ರ ಪಕ್ಕದಲ್ಲಿ ನಿಂತು, ಹೀಗೆ ಮಾಡಿ ನೋಡಿ ಅಂತ ತೋರಿಸಿಕೊಡೋದು ಅವರ ಕೆಲಸ. ಇವತ್ತು ಎಲ್ಲರೂ 'ಕೋಚಿಂಗ್' ಅಂತ ಬಾಯ್ತುಂಬ ಹೇಳ್ತಾರಲ್ಲ, ಅದೇ. (ನಮ್ಮ ಕರ್ನಾಟಕದಲ್ಲಿ ಸಿಆರ್‌ಪಿ ಅಂತ ಸ್ಕೂಟರಿನಲ್ಲಿ ಬರ್ತಾರಲ್ಲ, ಅವರ ಮುತ್ತಜ್ಜಿ ಅಂತ ಇಟ್ಕೊಳ್ಳಿ!)

1924ರಲ್ಲಿ ಅಮೆರಿಕದ ಫೆಲ್ಪ್ಸ್-ಸ್ಟೋಕ್ಸ್ ನಿಧಿಯವರು ಪೂರ್ವ ಆಫ್ರಿಕಕ್ಕೆ ಒಂದು ಆಯೋಗ ಕಳಿಸಿದರು. ಥಾಮಸ್ ಜೆಸ್ಸಿ ಜೋನ್ಸ್ ಅದರ ಮುಖ್ಯಸ್ಥ. ಗೋಲ್ಡ್ ಕೋಸ್ಟಿನ, ಅಂದ್ರೆ ಇವತ್ತಿನ ಘಾನಾದ, ಜೇಮ್ಸ್ ಆಗ್ರಿ ಅದರ ಹೆಸರುವಾಸಿ ಸದಸ್ಯ. ಕೀನ್ಯಾದಲ್ಲಿ ಅವರು ಕಂಡದ್ದು ಏನು? ಊರೂರಿಗೆ ಮಿಷನ್ ಶಾಲೆ, ಗುಡಿಸಲಿನಲ್ಲಿ ನಡೆಯೋವು. ಸರ್ಕಾರದ ಶಿಕ್ಷಣ ಇಲಾಖೆ 1911ರಲ್ಲೇ ಶುರುವಾಗಿತ್ತು, ಮಿಷನ್ನುಗಳಿಗೆ ಅನುದಾನ ಕೊಡೋ ಪದ್ಧತಿಯೂ ಇತ್ತು. ಆದ್ರೆ ಹಳ್ಳಿಯ ಮೇಷ್ಟ್ರು ಒಂಟಿ. ಅವನಿಗೆ ಹೇಳಿಕೊಡೋರಿಲ್ಲ, ಕೇಳೋರಿಲ್ಲ.

1925ರಲ್ಲಿ ಕಬೆಟೆಯಲ್ಲಿ ಜೀನ್ಸ್ ಶಾಲೆ ತೆರೀತು. ದುಡ್ಡು ಬಂದದ್ದು ನ್ಯೂಯಾರ್ಕಿನ ಕಾರ್ನೆಗೀ ಕಾರ್ಪೊರೇಷನ್ನಿಂದ, ಜೊತೆಗೆ ವಸಾಹತು ಸರ್ಕಾರದ ಪಾಲು. ಮೊದಲ ಪ್ರಿನ್ಸಿಪಾಲ್ ಜೇಮ್ಸ್ ಡೂಗಲ್ ಎಂಬ ಸ್ಕಾಟಿಷ್ ಮಿಷನರಿ, ಅದೇ ಆಯೋಗಕ್ಕೆ ಕಾರ್ಯದರ್ಶಿಯಾಗಿ ಬಂದಿದ್ದವರು. ಮಿಷನ್ನುಗಳು ತಮ್ಮ ಅನುಭವಸ್ಥ ಮೇಷ್ಟ್ರುಗಳನ್ನ ಇಲ್ಲಿಗೆ ಕಳಿಸ್ತಿದ್ದರು. ಮೇಷ್ಟ್ರು ಒಬ್ಬನೇ ಬರೋಹಾಗಿಲ್ಲ, ಹೆಂಡತಿ ಮಕ್ಕಳ ಸಮೇತ ಬರಬೇಕು! ಆವರಣದಲ್ಲೇ ಮಾದರಿ ಹಳ್ಳಿಯಂಥ ಮನೆಗಳು. ಹೆಂಡತಿಗೂ ಆರೋಗ್ಯ, ಹೊಲಿಗೆ, ಮಕ್ಕಳ ಆರೈಕೆಯ ಪಾಠ. ತರಬೇತಿ ಮುಗಿಸಿ ವಾಪಸ್ ಹೋದ ಮೇಲೆ ಒಂದಷ್ಟು ಹಳ್ಳಿ ಶಾಲೆಗಳು ಅವನ ಸುಪರ್ದಿಗೆ. ಇದು ಎಷ್ಟು ಹೆಸರು ಮಾಡಿತು ಅಂದ್ರೆ ನ್ಯಾಸಾಲ್ಯಾಂಡಿನಲ್ಲೂ, ಈಗಿನ ಮಲಾವಿ, ಇದೇ ಹೆಸರಿನ ಕೇಂದ್ರ ತೆರೆದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಜೀನ್ಸ್ ಶಾಲೆಯ ಐಡಿಯಾ ಎಷ್ಟು ಚೆನ್ನಾಗಿತ್ತೋ ಅದರ ಹಿಂದಿದ್ದ ಯೋಚನೆ ಅಷ್ಟು ಚೆನ್ನಾಗಿರಲಿಲ್ಲ. ಆಫ್ರಿಕದವರಿಗೆ ಬೇಸಾಯ, ಶುಚಿತ್ವ, ಕೈಕೆಲಸ ಸಾಕು, ಹೆಚ್ಚು ಇಂಗ್ಲಿಷು, ಹೆಚ್ಚು ಪುಸ್ತಕ ಬೇಡ ಅನ್ನೋ ಧೋರಣೆ. ಕಿಕುಯು ಜನಕ್ಕೆ ಇದು ಅರ್ಥವಾಗದೇ ಇರಲಿಲ್ಲ. 1929ರ ಸುಮಾರಿಗೆ ಹೆಣ್ಣುಮಕ್ಕಳ ಸುನ್ನತಿಯ ವಿಚಾರದಲ್ಲಿ ಮಿಷನ್ನುಗಳಿಗೂ ಕಿಕುಯುಗಳಿಗೂ ಜಗಳ ಹತ್ತಿ, ಅವರು ತಮ್ಮದೇ ಸ್ವತಂತ್ರ ಶಾಲೆಗಳನ್ನ ಕಟ್ಟಿಕೊಂಡರು. ಶಾಲೆ ಕಟ್ಟಿದ್ದಾಯ್ತು, ಮೇಷ್ಟ್ರು ಎಲ್ಲಿಂದ ತರೋದು? ಅದಕ್ಕಾಗಿ 1939ರಲ್ಲಿ ನೈರೋಬಿಯ ಉತ್ತರಕ್ಕಿರುವ ಗಿಥುಂಗುರಿಯಲ್ಲಿ ಶಿಕ್ಷಕರ ಕಾಲೇಜು. ಕಟ್ಟಿದವರು ಎಂಬಿಯು ಕೊಯ್ನಾಂಗೆ, ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದವರು. ದುಡ್ಡು ಜನರ ವಂತಿಗೆ. ಮುಂದೆ ಜೋಮೋ ಕೆನ್ಯಾಟಾ ಬ್ರಿಟನ್ನಿನಿಂದ ಮರಳಿದ ಮೇಲೆ ಇದೇ ಕಾಲೇಜಿನ ಮುಖ್ಯಸ್ಥರಾದರು. 1952ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಬ್ರಿಟಿಷರು ಕಾಲೇಜನ್ನೇ ಮುಚ್ಚಿದರು, ಆ ಜಾಗದಲ್ಲಿ ಮೌ ಮೌ ಹೋರಾಟಗಾರರನ್ನ ಗಲ್ಲಿಗೇರಿಸಿದರು. ಓದುವಾಗ ಗಂಟಲು ಕಟ್ಟುವ ಸಂಗತಿ ಇದು.

ಅನುದಾನದ ಶಾಲೆ ಒಂದು ಕಡೆ, ವಂತಿಗೆಯ ಶಾಲೆ ಇನ್ನೊಂದು ಕಡೆ. ಅನುದಾನ ಇದ್ದ ಕಡೆ ಸರ್ಕಾರದ ಷರತ್ತು. ವಂತಿಗೆ ಇದ್ದ ಕಡೆ ಸರ್ಕಾರದ ಕೆಂಗಣ್ಣು.

ಕಬೆಟೆಯ ಜೀನ್ಸ್ ಶಾಲೆ ಏನಾಯ್ತು ಅಂತೀರಾ? ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದ ಕೆಲಸಕ್ಕೆ ಹೋಯ್ತು, ಆಮೇಲೆ ವಯಸ್ಕರ ಶಿಕ್ಷಣ, ಸಮುದಾಯ ಅಭಿವೃದ್ಧಿ ಅಂತ ತಿರುಗಿತು. 1961ರಲ್ಲಿ ಅದೇ ಜಾಗದಲ್ಲಿ ಕೀನ್ಯಾ ಇನ್‌ಸ್ಟಿಟ್ಯೂಟ್ ಆಫ್ ಅಡ್ಮಿನಿಸ್ಟ್ರೇಷನ್ ಶುರುವಾಯ್ತು, ಸ್ವಾತಂತ್ರ್ಯ ಬಂದ ಮೇಲೆ ಆಡಳಿತ ವಹಿಸಿಕೊಳ್ಳಲಿದ್ದ ಅಧಿಕಾರಿಗಳನ್ನ ತಯಾರು ಮಾಡೋಕೆ. ಈಗ ಅದರ ಹೆಸರು ಕೀನ್ಯಾ ಸ್ಕೂಲ್ ಆಫ್ ಗವರ್ನಮೆಂಟ್. ಹಳ್ಳಿ ಮೇಷ್ಟ್ರ ಜಾಗಕ್ಕೆ ಡೆಪ್ಯುಟಿ ಸೆಕ್ರೆಟರಿಗಳು ಬಂದು ಕೂತರು.

1963ರಲ್ಲಿ ಸ್ವಾತಂತ್ರ್ಯ ಬಂತು. ಮುಂದಿನ ವರ್ಷವೇ ಸಿಮಿಯನ್ ಒಮಿಂಡೆ ಆಯೋಗ ವರದಿ ಕೊಟ್ಟಿತು. 'ಹರಂಬೇ', ಎಲ್ಲರೂ ಸೇರಿ ಎಳೆಯೋಣ ಅನ್ನೋ ಕೂಗಿನಡಿ ಜನ ಹಸು ಮಾರಿ, ಕಾಫಿ ದುಡ್ಡು ಹಾಕಿ ಶಾಲೆ ಕಟ್ಟಿದರು. 1974ರಲ್ಲಿ ಮೊದಲ ನಾಲ್ಕು ತರಗತಿಗಳ ಫೀಸು ರದ್ದಾಯ್ತು, ಮಕ್ಕಳು ತುಂಬಿ ತುಳುಕಿದರು. ಕಟ್ಟಡಕ್ಕೆ ದುಡ್ಡು ಹೊಂದಿಸುವ ಉಪಾಯಗಳು ಇದ್ದವು, ಮೇಷ್ಟ್ರ ಸಂಬಳಕ್ಕೆ 1967ರಿಂದ ಟೀಚರ್ಸ್ ಸರ್ವಿಸ್ ಕಮಿಷನ್ ಇತ್ತು. ಇಷ್ಟರ ಮಧ್ಯೆ 'ಮ್ವಾಲಿಮು ಮ್ಕೂ', ಅಂದ್ರೆ ಸ್ವಾಹಿಲಿಯಲ್ಲಿ ದೊಡ್ಡ ಮೇಷ್ಟ್ರು, ನಮ್ಮ ಚಿಕ್ಕಮ್ಮನ ಹಾಗೇ ಕೀಲಿಕೈ ಹಿಡಿದು ನಿಂತಿದ್ದ. ಚೆನ್ನಾಗಿ ಪಾಠ ಮಾಡ್ತಾನೆ, ಹಾಗಾಗಿ ಹೆಡ್‌ಮೇಷ್ಟ್ರು ಮಾಡಿ. ಚೆನ್ನಾಗಿ ಕೋಡ್ ಬರೀತಾನೆ, ಮ್ಯಾನೇಜರ್ ಮಾಡಿ ಅನ್ನೋ ಥರ. ಇಬ್ಬರದ್ದೂ ಪರಿಣಾಮ ನಿಮಗೆ ಗೊತ್ತಿರುತ್ತೆ.

ಸರ್ಕಾರ ಇದಕ್ಕಂತಲೇ ಒಂದು ಸಂಸ್ಥೆ ಮಾಡಿದ್ದು 1981ರಲ್ಲಿ: ಕೀನ್ಯಾ ಎಜುಕೇಷನ್ ಸ್ಟಾಫ್ ಇನ್‌ಸ್ಟಿಟ್ಯೂಟ್, 'ಕೆಸಿ'. ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು ಮಾತ್ರ 1988ರಲ್ಲಿ, ಏಳು ವರ್ಷ ತಡವಾಗಿ. ಅದೇ ವರ್ಷ ಕಮುಂಗೆ ವರದಿಯೂ ಶಾಲಾ ಮುಖ್ಯಸ್ಥರ ತರಬೇತಿಗೆ ಒತ್ತು ಕೊಟ್ಟಿತು. ರಜೆಯಲ್ಲಿ ಹೆಡ್‌ಮೇಷ್ಟ್ರುಗಳನ್ನ ಸೇರಿಸಿ ಸಣ್ಣ ಸಣ್ಣ ಕೋರ್ಸು ನಡೆಸೋದು, ಲೆಕ್ಕಪತ್ರ, ಕಾನೂನು, ಸಿಬ್ಬಂದಿ ನಿರ್ವಹಣೆ ಹೇಳಿಕೊಡೋದು. ಆದ್ರೆ ಸಾವಿರಾರು ಪ್ರಾಥಮಿಕ ಶಾಲೆಗಳಿರೋ ದೇಶಕ್ಕೆ ನೈರೋಬಿಯ ಒಂದು ಆವರಣ ಎಲ್ಲಿ ಸಾಕು? 2010ರಲ್ಲಿ ಇದೇ ಸಂಸ್ಥೆಯ ಹೆಸರು 'ಕೆಮಿ' ಅಂತ ಬದಲಾಯ್ತು.

ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಭಾಗ 1996ರಿಂದ 2000ದ ವರೆಗಿನ ನಾಲ್ಕು ವರ್ಷ. 'ಪ್ರಿಸಂ' ಅನ್ನೋ ಯೋಜನೆ, ಪ್ರೈಮರಿ ಸ್ಕೂಲ್ ಮ್ಯಾನೇಜ್‌ಮೆಂಟ್ ಅನ್ನೋದರ ಮೊಟಕು. ದುಡ್ಡು ಬ್ರಿಟಿಷ್ ಸರ್ಕಾರದ್ದು. ಹೌದು, ಗಿಥುಂಗುರಿ ಮುಚ್ಚಿಸಿದ ಅದೇ ಬ್ರಿಟಿಷ್ ಸರ್ಕಾರ, 44 ವರ್ಷ ಆದ ಮೇಲೆ. ಗುರಿ ಏನು? ದೇಶದ ಪ್ರತಿಯೊಂದು ಸರ್ಕಾರಿ ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟ್ರಿಗೂ ತರಬೇತಿ. ನಾಲ್ಕು ವರ್ಷದಲ್ಲಿ 15 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಪಳಗಿದರು.

ಹೇಗೆ ಮಾಡಿದರು ಅಂದ್ರೆ, ನೈರೋಬಿಯಲ್ಲಿ ಕೆಲವರಿಗೆ ಕಲಿಸಿ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ವಲಯದ ಹೆಡ್‌ಮೇಷ್ಟ್ರುಗಳಿಗೆ. ಇದಕ್ಕೆ 'ಕ್ಯಾಸ್ಕೇಡ್' ಅಂತಾರೆ, ಜಲಪಾತ! ಮೇಲಿಂದ ಧುಮುಕಿದ ನೀರು ಕೆಳಗೆ ಬರೋ ಹೊತ್ತಿಗೆ ಬರೀ ಹನಿ ಆಗಿರೋದೇ ಇದರ ಕಾಯಿಲೆ. ನಮ್ಮಲ್ಲೂ ಕಂಡಿದ್ದೇವಲ್ಲ, ಬೆಂಗಳೂರಲ್ಲಿ ಐದು ದಿನದ ತರಬೇತಿ, ಜಿಲ್ಲೆಯಲ್ಲಿ ಮೂರು ದಿನ, ತಾಲ್ಲೂಕಿಗೆ ಬಂದಾಗ ಒಂದು ದಿನ ಮತ್ತು ಒಂದು ಊಟ. ಆದ್ರೆ ಪ್ರಿಸಂನಲ್ಲಿ ಒಂದು ವ್ಯತ್ಯಾಸ ಇತ್ತು. ಒಂದು ಸುತ್ತಿನ ಕಾರ್ಯಾಗಾರಕ್ಕೂ ಇನ್ನೊಂದಕ್ಕೂ ನಡುವೆ ಹೆಡ್‌ಮೇಷ್ಟ್ರು ತಮ್ಮ ಶಾಲೆಗೆ ವಾಪಸ್ ಹೋಗಿ, ಪೋಷಕರ ಸಮಿತಿ ಜೊತೆ ಕೂತು ಶಾಲೆಯ ಅಭಿವೃದ್ಧಿ ಯೋಜನೆ ಬರೀಬೇಕು, ಅದನ್ನ ಮಾಡಿ ನೋಡಬೇಕು. ಎರಡನೇದು ಇನ್ನೂ ಮುಖ್ಯ: ಅಕ್ಕಪಕ್ಕದ ಶಾಲೆಗಳ ಹೆಡ್‌ಮೇಷ್ಟ್ರುಗಳನ್ನ ಸೇರಿಸಿ 'ಸಪೋರ್ಟ್ ಗ್ರೂಪ್' ಮಾಡಿದರು. ಒಬ್ಬರಿಗೊಬ್ಬರು ಕಷ್ಟ ಹೇಳಿಕೊಂಡು, ಒಬ್ಬರ ಲೆಕ್ಕದ ಪುಸ್ತಕ ಇನ್ನೊಬ್ಬರು ನೋಡಿ ದಾರಿ ಹುಡುಕೋದು.

ಇದನ್ನ ಓದಿದಾಗ ಅರೆ, ಇದು 1925ರ ಜೀನ್ಸ್ ಮೇಷ್ಟ್ರ ಕೆಲಸವೇ ಅಲ್ವಾ ಅನ್ನಿಸ್ತು. ಒಂಟಿಯಾಗಿರೋನ ಪಕ್ಕ ಯಾರಾದರೊಬ್ಬರು ಬಂದು ನಿಲ್ಲೋದು. ಹೆಡ್‌ಮೇಷ್ಟ್ರ ಕೆಲಸ ನಿಜವಾಗಲೂ ಒಂಟಿ ಕೆಲಸ. ಮೇಷ್ಟ್ರುಗಳ ಮುಂದೆ ತನಗೆ ಗೊತ್ತಿಲ್ಲ ಅನ್ನೋಹಾಗಿಲ್ಲ, ಇನ್‌ಸ್ಪೆಕ್ಟರ್ ಮುಂದಂತೂ ಆಗೋದೇ ಇಲ್ಲ. ಪಕ್ಕದೂರಿನ ಹೆಡ್‌ಮೇಷ್ಟ್ರ ಮುಂದೆ ಮಾತ್ರ ಹೇಳಬಹುದು. ಮತ್ತೆ ಇದಕ್ಕೆ ಆಗೋ ಖರ್ಚು? ಮಟಾಟು ಚಾರ್ಜು (ಇಲ್ಲಿಯ ಖಾಸಗಿ ವ್ಯಾನು), ಒಂದು ಫ್ಲಾಸ್ಕ್ ಚಹಾ. ಪ್ರಿಸಂ ಬಗ್ಗೆ ಆಮೇಲೆ ಅಧ್ಯಯನ ಮಾಡಿದವರು ಹೆಚ್ಚಾಗಿ ಬರೆದದ್ದೂ ಈ ಗುಂಪುಗಳ ಬಗ್ಗೆಯೇ.

2000ದಲ್ಲಿ ಯೋಜನೆ ಮುಗೀತು.

ಅದಾಗಿ ಕೆಲವೇ ವರ್ಷಕ್ಕೆ ದೊಡ್ಡ ಪರೀಕ್ಷೆ ಬಂತು ನೋಡಿ. ಡಿಸೆಂಬರ್ 2002ರ ಚುನಾವಣೆ ಗೆದ್ದ ಮ್ವಾಯ್ ಕಿಬಾಕಿ, 2003ರ ಜನವರಿಯಿಂದಲೇ ಪ್ರಾಥಮಿಕ ಶಿಕ್ಷಣ ಉಚಿತ ಅಂದರು. ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಏರಿತು, ಒಂದೇ ವರ್ಷದಲ್ಲಿ! 2004ರಲ್ಲಿ ಎಲ್ಡೊರೆಟ್ ಹತ್ತಿರ ಕಿಮಾನಿ ಮರೂಗೆ ಎಂಬ 84 ವರ್ಷದ ಅಜ್ಜ ಚಡ್ಡಿ ಹಾಕ್ಕೊಂಡು ಒಂದನೇ ಕ್ಲಾಸಿಗೆ ಸೇರಿದ್ದನ್ನ ಪ್ರಪಂಚವೇ ನೋಡಿತು. ಆ ಅಜ್ಜನ ಫೋಟೋ ಎಲ್ಲರೂ ನೋಡಿದ್ದೀವಿ. ಆ ಶಾಲೆಗಳ ಹೆಡ್‌ಮೇಷ್ಟ್ರ ಕ್ಯಾಶ್‌ಬುಕ್ಕಿನ ಫೋಟೋ ಯಾರೂ ತೆಗೀಲಿಲ್ಲ.

ಆ ಕ್ಯಾಶ್‌ಬುಕ್ಕಿನಲ್ಲಿ ಏನಿತ್ತು ಅಂದ್ರೆ, ಸರ್ಕಾರ ಮಗುವೊಂದಕ್ಕೆ ವರ್ಷಕ್ಕೆ 1,020 ಶಿಲಿಂಗ್ ಕೊಡ್ತು. ಎರಡು ಬ್ಯಾಂಕ್ ಖಾತೆ. ಪುಸ್ತಕ, ಸ್ಲೇಟು, ಪೆನ್ಸಿಲ್ಲಿಗೆ 650, ಆ ಖಾತೆಯ ಮೊಟಕು ಹೆಸರು 'ಸಿಂಬಾ' (ಸ್ವಾಹಿಲಿಯಲ್ಲಿ ಸಿಂಹ, ಸಂಸ್ಕೃತದವರಿಗೆ ಬಿಡಿಸಿ ಹೇಳಬೇಕಿಲ್ಲ). ರಿಪೇರಿ, ವಾಚ್‌ಮನ್, ಕರೆಂಟು ಇತ್ಯಾದಿಗೆ 370. ಐನೂರು ಮಕ್ಕಳ ಶಾಲೆ ಅಂದ್ರೆ ವರ್ಷಕ್ಕೆ 5 ಲಕ್ಷದ 10 ಸಾವಿರ ಶಿಲಿಂಗ್. ನಿನ್ನೆ ತನಕ ಫೀಸಿನ ಚಿಲ್ಲರೆ ಎಣಿಸ್ತಿದ್ದ ಮನುಷ್ಯನ ಕೈಗೆ! ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಶಾಲೆಯ ಗೋಡೆ ಮೇಲೆ ಬರೆದು ಹಾಕಬೇಕು ಅನ್ನೋ ನಿಯಮ ಬೇರೆ. ವಿಶ್ವಬ್ಯಾಂಕ್ 2003ರಲ್ಲೇ 5 ಕೋಟಿ ಡಾಲರ್ ಅನುದಾನ ಕೊಟ್ಟಿತು, ಬಹುಪಾಲು ಪಠ್ಯಪುಸ್ತಕಕ್ಕೆ.

ಸರ್ಕಾರ ಅಷ್ಟು ಅವಸರದಲ್ಲಿ ಇಂಥ ದೊಡ್ಡ ಹಣವನ್ನ ನೇರ ಶಾಲೆಗೆ ಕಳಿಸೋಕೆ ಧೈರ್ಯ ಮಾಡಿದ್ದು ಹೇಗೆ? ನನ್ನ ಅಂದಾಜಿನಲ್ಲಿ ಪ್ರಿಸಂ ಅದಕ್ಕೊಂದು ಕಾರಣ. ಯೋಜನೆ ಬರೆದು, ಸಮಿತಿ ಕರೆದು, ಲೆಕ್ಕ ಇಟ್ಟು ಗೊತ್ತಿದ್ದ ಸಾವಿರಾರು ಜನ ಆಗಷ್ಟೇ ತಯಾರಾಗಿ ಕೂತಿದ್ದರು. ಆದ್ರೆ ಹೆಡ್‌ಮೇಷ್ಟ್ರುಗಳೇನು ಚಿರಂಜೀವಿಗಳಾ? ರಿಟೈರ್ ಆಗ್ತಾರೆ, ವರ್ಗ ಆಗ್ತಾರೆ. ಅವರ ಜಾಗಕ್ಕೆ ಬಂದವರಿಗೆ ಪ್ರಿಸಂ ಇಲ್ಲ. ತರಬೇತಿ ಅನ್ನೋದನ್ನ ಒಂದ್ಸಲ ಮಾಡಿ ಮುಗಿಸೋ ಪ್ರಾಜೆಕ್ಟ್ ಅಂತ ತಿಳಿದದ್ದೇ ಎಡವಟ್ಟು. ಸಾಫ್ಟ್‌ವೇರಿನವರಿಗೆ ಅರ್ಥ ಆಗೋಹಾಗೆ ಹೇಳೋದಾದ್ರೆ, ಇನ್‌ಸ್ಟಾಲ್ ಮಾಡೋಕೆ ಬಜೆಟ್ ಇತ್ತು, ಮೇಂಟೆನೆನ್ಸಿಗೆ ಇರಲಿಲ್ಲ.

2009ರ ಕೊನೆಯಲ್ಲಿ ಉಚಿತ ಶಿಕ್ಷಣದ ಹಣದಲ್ಲಿ ಸುಮಾರು 13 ಲಕ್ಷ ಡಾಲರಿನಷ್ಟು ಕಾಣೆಯಾಗಿದೆ ಅಂತ ಸುದ್ದಿಯಾಯ್ತು. ಬ್ರಿಟನ್ ತನ್ನ ನೆರವು ನಿಲ್ಲಿಸಿತು, 2010ರ ಜನವರಿಯಲ್ಲಿ ಅಮೆರಿಕವೂ. ಗಮನಿಸಿ, ಆಗ ಅಮಾನತಾದದ್ದು ಸಚಿವಾಲಯದ ಅಧಿಕಾರಿಗಳು, ಹಳ್ಳಿ ಹೆಡ್‌ಮೇಷ್ಟ್ರುಗಳಲ್ಲ. ಹಾಗಂತ ಹೆಡ್‌ಮೇಷ್ಟ್ರುಗಳೆಲ್ಲ ಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ. ಪುಸ್ತಕದ ದುಡ್ಡಲ್ಲಿ ಪುಸ್ತಕದಂಗಡಿಯವರ ಜೊತೆ ಕೈಜೋಡಿಸಿದವರೂ ಇದ್ದರು, ಆ ದೂರು ವರ್ಷಗಟ್ಟಲೆ ಇತ್ತು. ಕೊನೆಗೆ 2018ರಲ್ಲಿ ಸರ್ಕಾರ ಪುಸ್ತಕ ಕೊಳ್ಳೋ ಅಧಿಕಾರವನ್ನ ಶಾಲೆಗಳಿಂದ ಕಿತ್ಕೊಂಡು, ತಾನೇ ಪ್ರಕಾಶಕರಿಂದ ಕೊಂಡು ನೇರವಾಗಿ ಶಾಲೆಗೆ ತಲುಪಿಸೋಕೆ ಶುರು ಮಾಡಿತು. ಮಗುವಿಗೊಂದು ಪುಸ್ತಕ ಸಿಕ್ಕಿತು, ಅದು ಒಳ್ಳೇದೇ. ಆದ್ರೆ ಕಲಿಸೋದು ಕಷ್ಟ, ಕಿತ್ಕೊಳ್ಳೋದು ಸುಲಭ ಅನ್ನೋ ದಾರಿ ಅದು ಅಂತ ನನಗನ್ನಿಸುತ್ತೆ.

ಕರ್ನಾಟಕದ ಜೊತೆ ಹೋಲಿಸದೇ ಇರೋಕಾಗಲ್ಲ. ನಮ್ಮಲ್ಲೂ ಇದೇ ಕಾಲಕ್ಕೆ, 2001ರಲ್ಲಿ, ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಹಿಂದೆಯೇ ಎಸ್‌ಡಿಎಂಸಿಗಳು ಬಂದವು. ಸರ್ವ ಶಿಕ್ಷಾ ಅಭಿಯಾನದಲ್ಲಿ ಶಾಲೆಗೆ ವರ್ಷಕ್ಕೆ 2,000 ರೂಪಾಯಿ, ಶಿಕ್ಷಕರಿಗೆ ತಲಾ 500. ಚಿಕ್ಕಮ್ಮ ಆ 500ಕ್ಕೆ ಡ್ರಾಯಿಂಗ್ ಶೀಟು, ಥರ್ಮೋಕೋಲು ತಂದು ರಸೀತಿ ಅಂಟಿಸ್ತಾ ಕೂರ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೀನ್ಯಾದ ಹೆಡ್‌ಮೇಷ್ಟ್ರಿಗೆ ಸಿಕ್ಕಷ್ಟು ಹಣವೂ ಇರಲಿಲ್ಲ, ಅಷ್ಟು ಸ್ವಾತಂತ್ರ್ಯವೂ ಇರಲಿಲ್ಲ. ನಮ್ಮ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರೋದು 'ಪ್ರಭಾರಿ' ಮುಖ್ಯ ಶಿಕ್ಷಕರು. ಹುದ್ದೆಯೇ ಪ್ರಭಾರದಲ್ಲಿದ್ದಾಗ ತರಬೇತಿ ಯಾರಿಗೆ?

ಮತ್ತೆ ನೈರೋಬಿಗೆ ಬರೋಣ. 2015ರಲ್ಲಿ 'ಟುಸೋಮೆ' ಬಂತು, 'ಓದೋಣ' ಅಂತ ಅರ್ಥ. ಅಮೆರಿಕದ ಯುಎಸ್‌ಏಡ್ ದುಡ್ಡು. ವಲಯದಲ್ಲಿ ಶಾಲೆ ಸುತ್ತೋ ಅಧಿಕಾರಿಗಳು ಸಾವಿರಕ್ಕೂ ಹೆಚ್ಚು ಜನ, ಅವರ ಕೈಗೆಲ್ಲ ಟ್ಯಾಬ್ಲೆಟ್ಟು. ತರಗತಿಯಲ್ಲಿ ಕೂತು ಗಮನಿಸಿದ್ದನ್ನ ಅಲ್ಲೇ ದಾಖಲಿಸಬೇಕು, ಜಿಪಿಎಸ್ ಇಂದ ಎಲ್ಲಿ ಹೋಗಿದ್ರು ಅಂತ ಗೊತ್ತಾಗುತ್ತೆ, ಪ್ರಯಾಣಭತ್ಯೆಯೂ ಅದರ ಪ್ರಕಾರವೇ. ಈ ಸಾಫ್ಟ್‌ವೇರಿನ ಹೆಸರು 'ಟ್ಯಾಂಜರೀನ್', ಓಪನ್ ಸೋರ್ಸ್. ವೃತ್ತಿಯ ಅಭಿಮಾನದಿಂದ ನನಗೆ ಖುಷಿಯಾಗಬೇಕಿತ್ತು, ಆಯ್ತು ಕೂಡ. ಜೀನ್ಸ್ ಮೇಷ್ಟ್ರು ಕಾಲ್ನಡಿಗೆಯಲ್ಲಿ ಮಾಡಿದ್ದನ್ನ ಉಪಗ್ರಹ ಎಣಿಸ್ತಾ ಇದೆ! ಆದ್ರೆ ಆ ಕೋಚಿಂಗ್ ಮುಖ್ಯವಾಗಿ ಇದ್ದದ್ದು ಒಂದರಿಂದ ಮೂರನೇ ತರಗತಿಯ ಓದು ಕಲಿಸೋ ಶಿಕ್ಷಕರಿಗೆ. ಆ ಹಣವೂ 2022ಕ್ಕೆ ಮುಗೀತು. 2025ರಲ್ಲಿ ಯುಎಸ್‌ಏಡ್ ಅನ್ನೋ ಸಂಸ್ಥೆಯನ್ನೇ ಅಮೆರಿಕ ಮುಚ್ಚಿಬಿಟ್ಟಿತು.

ಕಾರ್ನೆಗೀ, ಬ್ರಿಟನ್ನು, ವಿಶ್ವಬ್ಯಾಂಕ್, ಅಮೆರಿಕ... ನೂರು ವರ್ಷದಲ್ಲಿ ಬಂದು ಹೋದವರ ಪಟ್ಟಿ ಇದು. ಹಾಗಾದ್ರೆ ಈಗ ಕೊಡೋರು ಯಾರು? 2021ರಲ್ಲಿ ಟೀಚರ್ಸ್ ಸರ್ವಿಸ್ ಕಮಿಷನ್ ಎಲ್ಲ ಶಿಕ್ಷಕರಿಗೂ ವೃತ್ತಿಪರ ತರಬೇತಿ ಕಡ್ಡಾಯ ಅಂದಿತು. ಕಲಿಸೋಕೆ ನಾಲ್ಕು ಸಂಸ್ಥೆ ಆರಿಸಿದರು: ಮೂರು ವಿಶ್ವವಿದ್ಯಾಲಯ, ಮತ್ತೆ ನಮ್ಮ ಹೈರಿಡ್ಜ್‌ನ ಕೆಮಿ. ಫೀಸು ವರ್ಷಕ್ಕೆ 6,000 ಶಿಲಿಂಗ್, ಶಿಕ್ಷಕರೇ ಜೇಬಿಂದ ಕೊಡಬೇಕು. ದೊಡ್ಡ ಗಲಾಟೆ ಎದ್ದಿತು. ಏಳದೇ ಇರುತ್ತಾ? ಸರ್ಕಾರದ ಕೆಲಸ ಚೆನ್ನಾಗಿ ಮಾಡೋಕೆ ನೌಕರನೇ ದುಡ್ಡು ಕಟ್ಟಬೇಕು ಅಂದ್ರೆ!

ಇದೆಲ್ಲ ಈಗ ಇನ್ನೂ ಗಂಭೀರ ಆಗಿರೋದಕ್ಕೆ ಕಾರಣ 2023. ಆ ಜನವರಿಯಲ್ಲಿ ಏಳನೇ ತರಗತಿಯನ್ನ 'ಜೂನಿಯರ್ ಸ್ಕೂಲ್' ಅಂತ ಹೊಸದಾಗಿ ಶುರು ಮಾಡಿ, ಅದನ್ನ ಪ್ರಾಥಮಿಕ ಶಾಲೆಗಳ ಆವರಣದಲ್ಲೇ ಇಟ್ಟರು. ಆಮೇಲೆ ಎಂಟು, ಒಂಬತ್ತು. ಹೊಸ ಪ್ರಯೋಗಾಲಯ, ಪದವಿ ಪಡೆದ ಹೊಸ ಶಿಕ್ಷಕರು, ಅವರಿಗೂ ಹಳೇ ಹೆಡ್‌ಮೇಷ್ಟ್ರಿಗೂ ಜಗಳ. ಪ್ರಾಥಮಿಕ ಮಗುವಿಗೆ ಸರ್ಕಾರ ನಿಗದಿ ಮಾಡಿದ ವರ್ಷದ ಹಣ 1,420 ಶಿಲಿಂಗ್, ಜೂನಿಯರ್ ಮಗುವಿಗೆ 15,042. ಹತ್ತು ಪಟ್ಟಿಗಿಂತ ಹೆಚ್ಚು. ಗೇಟು ಒಂದೇ, ಆಟದ ಮೈದಾನ ಒಂದೇ, ಲೆಕ್ಕದ ಪುಸ್ತಕ ಬೇರೆ ಬೇರೆ, ಕೆಳಗೆ ಸಹಿ ಮಾತ್ರ ಅದೇ ಹೆಡ್‌ಮೇಷ್ಟ್ರದ್ದು. ಪ್ರಿಸಂ ಕಾಲದಲ್ಲಿ ಹೊಸದಾಗಿ ಮೇಷ್ಟ್ರಾಗಿ ಸೇರಿದವರು ಈಗ ಆ ಕುರ್ಚಿಯಲ್ಲಿ ಕೂತಿದ್ದಾರೆ.